ಮುಳ್ಳುತಂತಿ ದಾಟಿದ ಹದ್ದು

ಈ ನಾಣ್ಯದ ಹಿಂಬದಿಯಲ್ಲಿರೋ ಕಟ್ಟಡ, ನಾಣ್ಯ ಟಂಕಿಸಿದಾಗ ಇನ್ನೂ ಇರಲೇ ಇಲ್ಲ! ಯುದ್ಧಕೈದಿಗಳಾಗಿದ್ದ ತನ್ನ ಸೈನಿಕರ ಗೌರವಕ್ಕೆ 1994ರಲ್ಲಿ ಅಮೆರಿಕ ಹೊರತಂದ ಬೆಳ್ಳಿ ಡಾಲರ್ ಇದು. ಮುಂಬದಿಯಲ್ಲಿ ಮುಳ್ಳುತಂತಿಯ ಬಳೆಯೊಳಗಿಂದ ಹಾರಿ ಬರ್ತಿರೋ ಹದ್ದು, ಕಾಲಲ್ಲಿ ತುಂಡಾದ ಸರಪಳಿ. ಪ್ರತಿ ನಾಣ್ಯದ ಬೆಲೆಗೆ 10 ಡಾಲರ್ ಹೆಚ್ಚುವರಿ ಸೇರಿಸಿ, ಹಿಂಬದಿಯಲ್ಲಿ ತೋರಿಸಿದ ಮ್ಯೂಸಿಯಂ ಕಟ್ಟಲು ಹಣ ಕೂಡಿಸಿದರು. ನಮ್ಮ ಭಾಷೇಲಿ ಹೇಳೋದಾದ್ರೆ ಕ್ರೌಡ್‌ಫಂಡಿಂಗ್. 1998ರ ಏಪ್ರಿಲ್ 9ರಂದು ಅದರ ಬಾಗಿಲು ತೆರೆಯಿತು.

ಆ ಕಟ್ಟಡ ನೋಡೋಕೆ ಅಂತಲೇ ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಹೆಚ್ಚು ಕಾರು ಓಡಿಸಿಕೊಂಡು ಆಂಡರ್ಸನ್‌ವಿಲ್‌ಗೆ ಹೋದೆ. ಜಾರ್ಜಿಯಾದ ಪುಟ್ಟ ಊರು. ಒಳಗೆ ಎಲ್ಲ ಯುದ್ಧಗಳ ಕೈದಿಗಳ ಕಥೆಯೂ ಇದೆ, ಚೆನ್ನಾಗಿಯೂ ಇದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಬಯಲು.

ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಫೆಬ್ರವರಿಯಿಂದ ಸುಮಾರು 14 ತಿಂಗಳು, ದಕ್ಷಿಣದವರು ಉತ್ತರದ ಸೈನಿಕರನ್ನು ಕೂಡಿಹಾಕಿದ್ದ ಜಾಗ ಇದು. 10 ಸಾವಿರ ಜನಕ್ಕೆಂದು ಮಾಡಿದ ಆವರಣದಲ್ಲಿ ಆ ವರ್ಷದ ಆಗಸ್ಟ್‌ನಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ. ಸೂರಿಲ್ಲ. ಕುಡಿಯೋಕೂ ತೊಳೆಯೋಕೂ ಒಂದೇ ಕೊಳಕು ತೊರೆ. ಒಟ್ಟು ಬಂದವರು ಸುಮಾರು 45 ಸಾವಿರ. ಸತ್ತವರು ಹೆಚ್ಚುಕಮ್ಮಿ 13 ಸಾವಿರ.

ಈಗ ಹುಲ್ಲು ಬೆಳೆದಿದೆ. ಎರಡು ಸಾಲು ಬಿಳಿ ಕಂಬಗಳಿವೆ: ಹೊರಗಿನದು ಗೋಡೆ ಇದ್ದ ಜಾಗ, ಒಳಗಿನದು 'ಡೆಡ್‌ಲೈನ್'. ಅದನ್ನು ದಾಟಿದರೆ ಕಾವಲಿನವನು ಗುಂಡು ಹಾರಿಸುತ್ತಿದ್ದ. ಹೌದು, ಶುಕ್ರವಾರ ಸಂಜೆ ಮ್ಯಾನೇಜರ್ ಬಾಯಲ್ಲಿ ನಾವು ಕೇಳೋ ಅದೇ ಪದ. ಆ ಕಂಬಗಳ ಮಧ್ಯೆ ನಿಂತಾಗ ಫೋನ್ ಗುಂಯ್‌ಗುಟ್ಟಿತು. ತೆಗೆಯೋ ಮನಸ್ಸಾಗಲಿಲ್ಲ.

ಪಕ್ಕದಲ್ಲೇ ಸ್ಮಶಾನ. ಸತ್ತವರನ್ನು ಕಂದಕದಲ್ಲಿ ಭುಜಕ್ಕೆ ಭುಜ ತಾಗಿಸಿ ಮಲಗಿಸಿದ್ದರಿಂದ ಕಲ್ಲುಗಳೂ ಒಂದಕ್ಕೊಂದು ಅಂಟಿಕೊಂಡಂತಿವೆ. ಅವುಗಳ ಮೇಲೆ ಹೆಸರುಗಳಿರೋದಕ್ಕೆ ಕಾರಣ ಡೊರೆನ್ಸ್ ಆಟ್‌ವಾಟರ್ ಎಂಬ ಹುಡುಗ. ಅವನೂ ಕೈದಿಯೇ. ಸತ್ತವರ ಪಟ್ಟಿ ಬರೆಯೋ ಗುಮಾಸ್ತೆ ಕೆಲಸ ಕೊಟ್ಟಿದ್ದರು. ಮನೆಯವರಿಗೆ ಸುದ್ದಿಯೇ ಮುಟ್ಟಲಿಕ್ಕಿಲ್ಲ ಅಂತ ಕದ್ದುಮುಚ್ಚಿ ಇನ್ನೊಂದು ಪ್ರತಿ ಬರೆದಿಟ್ಟುಕೊಂಡ. ಯುದ್ಧ ಮುಗಿದ ಮೇಲೆ, 1865ರಲ್ಲಿ, ಕ್ಲಾರಾ ಬಾರ್ಟನ್ ಜೊತೆ ಅದೇ ಪಟ್ಟಿ ಹಿಡಿದು ಇಲ್ಲಿಗೆ ವಾಪಸ್ ಬಂದ. ಗೋರಿಗಳಿಗೆ ಗುರುತು ಹಾಕಿಸಿದರು. ನನ್ನ ಪ್ರಕಾರ ನಾಣ್ಯದ ಮೇಲೆ ಹದ್ದಿನ ಬದಲು ಆ ಪಟ್ಟಿಯ ಒಂದು ಪುಟ ಇದ್ದರೂ ನಡೀತಿತ್ತು.

ಅಷ್ಟು ಸಾವಿರ ಜನರಲ್ಲಿ ಹೆಸರು ಗೊತ್ತಾಗದೆ ಉಳಿದವರು ಸುಮಾರು 460 ಮಂದಿ ಮಾತ್ರ. ಅವರ ಕಲ್ಲುಗಳ ಮೇಲೆ 'ಅಜ್ಞಾತ' ಅಂತಿದೆ. ಅವುಗಳ ಮುಂದೆಯೂ ಯಾರೋ ಪುಟ್ಟ ಬಾವುಟ ನೆಟ್ಟಿದ್ದರು.