ಖಡಕಲಾಟದ ಮಗಳು, ಚಿತ್ರಲೋಕದ ತಾಯಿ

ಕೊಲ್ಲಾಪುರವನ್ನು ದಾಟಿ ಹೆದ್ದಾರಿಯಲ್ಲಿ ತೆಂಕಣಕ್ಕೆ ಬರುವ ಪ್ರವಾಸಿಯನ್ನು ಮೊದಲು ಎದುರುಗೊಳ್ಳುವ ದೊಡ್ಡ ಪೇಟೆ, ತಂಬಾಕಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿ. ಇಲ್ಲಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳವರೆಗೂ ಕಬ್ಬಿನ ಹಸುರು; ಸಂತೆಯಲ್ಲಿ ಕನ್ನಡ, ಮರಾಠಿಗಳೆರಡರ ಕಲರವ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಲಾಪುರದ ಹೆಸರಿನಲ್ಲಿ ದೇಶ ಸುತ್ತುವುದನ್ನು ಓದುಗರು ಬಲ್ಲರು. ಈ ಸೀಮೆಯ ಹೆಣ್ಣುಮಗಳೊಬ್ಬಳ ಕೀರ್ತಿಯೂ ಹಾಗೆಯೇ ಗಡಿಯಾಚೆ ಬೆಳಗಿತು.

ಆಕೆ ಸುಲೋಚನಾ ಲಾಟ್ಕರ್. ಜನನ 1928ರ ಜುಲೈ 30ರಂದು, ಅಂದಿನ ಚಿಕ್ಕೋಡಿ ತಾಲ್ಲೂಕಿನ ಖಡಕಲಾಟದಲ್ಲಿ. ಆಗ ಈ ನಾಡು ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಹತ್ತಿರದ ಚಿತ್ರನಗರಿಯೆಂದರೆ ಕೊಲ್ಲಾಪುರವೇ. ಅಲ್ಲಿ ನಿರ್ದೇಶಕ ಭಾಲಜಿ ಪೆಂಢಾರಕರರ ಗರಡಿಯಲ್ಲಿ ಆಕೆಯ ಅಭಿನಯ ಪಳಗಿತು. 1953ರ ‘ವಹಿನೀಂಚ್ಯಾ ಬಾಂಗಡ್ಯಾ’ ಮರಾಠಿ ಮನೆಮನೆಗೂ ಆಕೆಯನ್ನು ಪರಿಚಯಿಸಿತು. 1956ರಲ್ಲಿ ತವರೂರು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಮಗಳು ಮರಾಠಿಯ ಮೆಚ್ಚಿನ ನಾಯಕಿ. 1964ರಲ್ಲಿ ‘ಮರಾಠಾ ತಿತುಕಾ ಮೇಳವಾವಾ’ ಚಿತ್ರದಲ್ಲಿ ಶಿವಾಜಿಯ ತಾಯಿ ಜೀಜಾಬಾಯಿಯಾಗಿ ನಿಂತಳು.

ಹಿಂದಿ ಚಿತ್ರರಂಗ ಮಾತ್ರ ಆಕೆಗೆ ಬೇರೊಂದು ಪೀಠ ಕೊಟ್ಟಿತು. 1959ರ ‘ದಿಲ್ ದೇಕೆ ದೇಖೋ’ದಲ್ಲಿ ಶಮ್ಮಿ ಕಪೂರರ ತಾಯಿ, ಆತ ಆಕೆಗಿಂತ ಮೂರೇ ವರ್ಷ ಕಿರಿಯ. 1970ರ ‘ಜಾನಿ ಮೇರಾ ನಾಮ್’ನಲ್ಲಿ ದೇವ್ ಆನಂದರ ತಾಯಿ, ಆತನೋ ಆಕೆಗಿಂತ ಐದು ವರ್ಷ ಹಿರಿಯ! ನಾಯಕನಿಗೆ ಮುಪ್ಪಿಲ್ಲ, ನಾಯಕಿಗೆ ಮೂವತ್ತಕ್ಕೇ ನರೆ: ಇದು ಬೆಳ್ಳಿತೆರೆಯ ಪಂಚಾಂಗ. ಈ ಅನ್ಯಾಯದ ಲೆಕ್ಕದೊಳಗೇ ಆಕೆ ತನ್ನ ಕಲೆಗೆ ಎಡೆ ಮಾಡಿಕೊಂಡಳು. ಬಿಮಲ್ ರಾಯರ ‘ಸುಜಾತಾ’ದಲ್ಲಿ (1959) ಸಾಕಿದ ಹರಿಜನ ಬಾಲೆಯನ್ನು ಮಗಳೆನ್ನಲು ಹಿಂಜರಿಯುವ ಗೃಹಿಣಿ ಆಕೆಯೇ. ಕೊನೆಗೆ ಅದೇ ಹುಡುಗಿಯ ರಕ್ತ ಆ ಗೃಹಿಣಿಯ ಪ್ರಾಣ ಉಳಿಸುತ್ತದೆ. ಕೆಟ್ಟವಳಲ್ಲದವಳ ಮನದೊಳಗೂ ಜಾತಿ ಹೇಗೆ ಕುಳಿತಿರುತ್ತದೆಂಬುದನ್ನು ಆ ಪಾತ್ರ ಗದ್ದಲವಿಲ್ಲದೆ ತೋರಿತು.

1999ರಲ್ಲಿ ಪದ್ಮಶ್ರೀ, 2009ರಲ್ಲಿ ಮಹಾರಾಷ್ಟ್ರ ಭೂಷಣ ಆಕೆಗೆ ಸಂದವು. 2023ರ ಜೂನ್ 4ರಂದು ಮುಂಬಯಿಯಲ್ಲಿ, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಖಡಕಲಾಟ ಈಗ ನಿಪ್ಪಾಣಿ ತಾಲ್ಲೂಕಿನಲ್ಲಿದೆ. ರಾಜ್ಯ ಬದಲಾಯಿತು, ತಾಲ್ಲೂಕೂ ಬದಲಾಯಿತು. ಊರು ಇದ್ದಲ್ಲೇ ಇದೆ. ಎರಡು ಭಾಷೆಗಳ ಜನ ತಾಯಿಯೆಂದು ಕಂಡವಳನ್ನು ಮೂರನೆಯ ಭಾಷೆಯ ನಾವೂ ನಮ್ಮ ನೆಲದ ಮಗಳೆಂದು ನೆನೆದರೆ, ಯಾರ ಪಾಲೂ ಕಡಿಮೆಯಾಗದು.