ಕಡಲು, ದ್ವೀಪ ಮತ್ತು ಅವ್ವನ ಷರತ್ತು

ಹಾವೇರಿ ಜಿಲ್ಲೆಯ ನಮಗೆ ಸಮುದ್ರ ಬಹಳ ದೂರವೇನಲ್ಲ. ಹಾನಗಲ್ ದಾಟಿ, ಶಿರಸಿ ಸೇರಿ, ದೇವಿಮನೆ ಘಟ್ಟ ಇಳಿದರೆ ಕುಮಟಾ. ಬೆಳಗಿನ ಬಸ್ ಹತ್ತಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಕಡಲ ದಂಡೆಯಲ್ಲಿರಬಹುದು. ಆದರೂ ನಮ್ಮೂರಲ್ಲಿ ಅರವತ್ತು ದಾಟಿದ ಎಷ್ಟೋ ಹೆಣ್ಣುಮಕ್ಕಳು ಸಮುದ್ರ ನೋಡಿಲ್ಲ. ನಮ್ಮ ಅವ್ವನೂ ಅವರಲ್ಲಿ ಒಬ್ಬಳು. ಧರ್ಮಸ್ಥಳಕ್ಕೆ ಎರಡು ಸಲ ಹೋಗಿ ಬಂದಿದ್ದಾಳೆ. ಎರಡೂ ಸಲ ಟೆಂಪೊ ರಾತ್ರಿ ಹೊರಟು, ದರ್ಶನ ಮಾಡಿಸಿ, ಮತ್ತೆ ರಾತ್ರಿಯೇ ವಾಪಸ್ ಬಂತು.

ಈ ವರ್ಷ ಗೋವಿನಜೋಳದ ದುಡ್ಡಿನಲ್ಲಿ 18 ಸಾವಿರ ರೂಪಾಯಿ ಬೇರೆ ತೆಗೆದಿಟ್ಟಿದ್ದೇವೆ. ನಾನು ಬಿಡಿ ಸುದ್ದಿಗಾರ. ಪೇಪರ್‌ನಿಂದ ಬರುವುದು ಪೆಟ್ರೋಲ್‌ಗೆ, ಮೊಬೈಲ್ ಕರೆನ್ಸಿಗೆ ಸರಿಹೋಗುತ್ತದೆ. ಹಾಗಾಗಿ ಇದು ಹೊಲದ ದುಡ್ಡು. ಅವ್ವ, ಹೆಂಡತಿ, ಆರನೇ ಕ್ಲಾಸಿನ ಮಗಳು, ಎಂಟು ವರ್ಷದ ಮಗ, ನಾನು, ಒಟ್ಟು ಐದು ಜನ, ಐದು ದಿನ. ಇಂಥ ಪ್ರವಾಸ ನಮ್ಮ ಮನೆಯಲ್ಲಿ ಹಿಂದೆ ಆಗಿಲ್ಲ, ಮುಂದೆ ಯಾವಾಗ ಆಗುತ್ತದೋ ಗೊತ್ತಿಲ್ಲ.

ಎಲ್ಲರ ಬೇಡಿಕೆಯೂ ಬೇರೆ ಬೇರೆ. ಅವ್ವನಿಗೆ ಗೋಕರ್ಣ, ಇಡಗುಂಜಿ, ಉಡುಪಿ ಆಗಬೇಕು. ಹೆಂಡತಿಗೆ ಒಂದು ರಾತ್ರಿ ಯಕ್ಷಗಾನ ನೋಡಬೇಕು. ಮಗನಿಗೆ ಟ್ರೇನ್. ಮಗಳು ಮಾತ್ರ ಒಂದೇ ಮಾತು ಹಿಡಿದು ಕೂತಿದ್ದಾಳೆ: "ಅಪ್ಪಾ, ದ್ವೀಪ ಅಂದ್ರ ಸುತ್ತ ನೀರು ಅಂತ ಪುಸ್ತಕದಾಗ ಓದೇನಿ. ನಾ ಅದರ ಮ್ಯಾಲೆ ನಿಂದರಬೇಕು."

ದ್ವೀಪ ಎಂದ ಕೂಡಲೇ ಅವ್ವ ಎದ್ದು ಒಳಗೆ ಹೋದಳು.

ಯಾಕೆಂದು ನಮ್ಮ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಅಲ್ಲಿಂದ ದಡಕ್ಕೆ ಮರಳುತ್ತಿದ್ದ ಬೋಟ್ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಲವರು ನಮ್ಮ ಹಾವೇರಿ ಜಿಲ್ಲೆಯವರು. ಬೋಟಿನಲ್ಲಿ ಮಿತಿ ಮೀರಿ ಜನ ಇದ್ದರು, ಹಲವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಯಿತು. ಆ ಸುದ್ದಿಗೆ ನಾನೂ ಓಡಾಡಿದ್ದೆ. ತೀರಿಕೊಂಡವರ ಮನೆ ಮುಂದೆ ನಿಂತು ಒಂದು ಫೋಟೊ ಕೊಡಿ ಎಂದು ಕೇಳುವುದು ನಮ್ಮ ವೃತ್ತಿಯ ಅತಿ ಕಷ್ಟದ ಕೆಲಸ. ಅವ್ವ ಎರಡು ದಿನ ಟಿ.ವಿ. ಮುಂದಿನಿಂದ ಏಳಲಿಲ್ಲ. ಅವತ್ತು ಬನದ ಹುಣ್ಣಿಮೆ ಇತ್ತು ಎಂಬುದೂ ಅವಳಿಗೆ ಇವತ್ತಿಗೂ ನೆನಪಿದೆ.

"ದೇವರ ದರ್ಶನಕ್ಕ ಹೋದವರs ಬರಲಿಲ್ಲ. ನೀವು ಮೋಜಿಗೆ ಹೊಂಟೀರಿ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿ ಮಾತ್ರ, "ಅತ್ತೀನ ಒತ್ತಾಯ ಮಾಡಬ್ಯಾಡ್ರಿ. ಹುಡುಗೀನೂ ಬ್ಯಾಡ ಅನ್ನಬ್ಯಾಡ್ರಿ. ಎರಡೂ ಕೂಡಿಸಿ ಏನರ ನೋಡ್ರಿ" ಅಂದಳು. ಆ ಮಾತಿನ ಮೇಲೆ ಶುರುವಾದ ಯೋಜನೆ ಇದು. ನಮ್ಮಂತೆ ಬಯಲು ಸೀಮೆಯಿಂದ ಕರಾವಳಿಗೆ ಹೊರಡುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಕಾಲ. ಮಳೆಗಾಲದಲ್ಲಿ ದ್ವೀಪದ ಮಾತೇ ಇಲ್ಲ. ಮೀನುಗಾರರಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್ ಇಳಿಸಲು ನಿಷೇಧ ಇರುತ್ತದೆ. ಪ್ರವಾಸಿ ಬೋಟುಗಳೂ ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆಯೇ ಹೊರಡುತ್ತವೆ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಗದ್ದಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡದ್ದನ್ನು ನೀವೂ ಓದಿರುತ್ತೀರಿ. ಆದ್ದರಿಂದ ನಾವು ಆರಿಸಿಕೊಂಡದ್ದು ಸಂಕ್ರಾಂತಿ ಕಳೆದ ಮೇಲಿನ ದಿನಗಳನ್ನು. ಶನಿವಾರ ಹೊರಟು ಬುಧವಾರ ಬರುವುದು. ದ್ವೀಪದ ದಿನ ಮಂಗಳವಾರ ಬೀಳುವ ಹಾಗೆ ಲೆಕ್ಕ ಹಾಕಿದ್ದೇವೆ, ವಾರದ ನಡುವೆ ಜನ ಕಡಿಮೆ. ಮಕ್ಕಳಿಗೆ ಶನಿವಾರದ ಅರ್ಧ ದಿನ ಸೇರಿ ಮೂರೂವರೆ ದಿನ ರಜೆ ಕೇಳಬೇಕು.

ಇಲ್ಲಿ ಅವ್ವನ ಪಂಚಾಂಗ ಉಪಯೋಗಕ್ಕೆ ಬಂತು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಏರಿಳಿತ ಹೆಚ್ಚು. ಇದನ್ನು ಹೇಳಿದಾಗ ಅವ್ವ ಕ್ಯಾಲೆಂಡರ್ ಇಳಿಸಿಕೊಂಡು ತಾನೇ ದಿನ ಎಣಿಸಿ, ಎರಡಕ್ಕೂ ದೂರವಾದ ವಾರ ತೋರಿಸಿದಳು. ಬೇಡ ಎಂದವಳೇ ತಾರೀಖು ಆರಿಸಿದಳು. ನಾನು ಏನೂ ಮಾತಾಡಲಿಲ್ಲ.

ಎರಡನೆಯದು ದುಡ್ಡು. ಕಾರು ಬಾಡಿಗೆ ಕೇಳಿದರೆ ನಮ್ಮ 18 ಸಾವಿರದ ಬಹುಪಾಲು ಅಲ್ಲೇ ಹೋಗುತ್ತಿತ್ತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದೊಳಗೆ ಸಾಮಾನ್ಯ, ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಐದು ಜನರಲ್ಲಿ ನಾನು ಕೊಳ್ಳಬೇಕಾದದ್ದು ಒಂದೂವರೆ ಟಿಕೆಟ್: ನನ್ನದೊಂದು, ಮಗನದು ಅರ್ಧ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ, ಆಧಾರ್ ಕಾರ್ಡ್ ಕೈಯಲ್ಲೇ ಇರಲಿ. ಉಳಿದ ದುಡ್ಡು ರೂಮು, ಊಟ, ಬೋಟಿಗೆ. ಎರಡು ದಿನದ ಬುತ್ತಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತೇವೆ. ಅಲ್ಲಿಯ ಕುಚ್ಚಲಕ್ಕಿ ಅನ್ನ ಅವ್ವನಿಗೆ ಒಗ್ಗದಿದ್ದರೂ ಚಿಂತೆ ಇಲ್ಲ.

ಮೊದಲ ದಿನ ಗೋಕರ್ಣ. ರಾವಣ ತಂದ ಆತ್ಮಲಿಂಗವನ್ನು ಗಣಪತಿ ಇಲ್ಲಿ ಕೆಳಗಿಟ್ಟ ಕಥೆ ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ಸಿಟ್ಟಿನಲ್ಲಿ ರಾವಣ ಎಸೆದ ಚೂರುಗಳು ಬಿದ್ದ ಜಾಗಗಳೆಂದು ಹೇಳುವ ಧಾರೇಶ್ವರ, ಗುಣವಂತೆ, ಮುರ್ಡೇಶ್ವರ ನಮ್ಮ ದಾರಿಯಲ್ಲೇ ಒಂದಾದ ಮೇಲೊಂದು ಬರುತ್ತವೆ. ಅಂದರೆ ಅವ್ವನ ಕಥೆಯೇ ನಮ್ಮ ರೂಟ್ ಮ್ಯಾಪ್. ಗೋಕರ್ಣದಲ್ಲಿ ದೇವಸ್ಥಾನದಿಂದ ನಾಲ್ಕು ಹೆಜ್ಜೆ ನಡೆದರೆ ಕಡಲು. ಅವ್ವ ಮೊದಲ ಸಲ ಸಮುದ್ರ ನೋಡುವುದು ದೇವರ ದರ್ಶನ ಮುಗಿಸಿ, ಗಟ್ಟಿ ನೆಲದ ಮೇಲೆ ನಿಂತು ಆಗಲಿ ಎಂಬುದು ನನ್ನ ಆಸೆ.

ಎರಡನೆಯ ದಿನ ಹೊನ್ನಾವರ. ಈ ಊರಿಗೆ ಹೆಚ್ಚು ಹೊತ್ತು ಕೊಟ್ಟಿದ್ದೇವೆ. ಜೋಗದಲ್ಲಿ ಧುಮುಕಿದ ಶರಾವತಿ ಇಲ್ಲಿ ಅಗಲವಾಗಿ, ಸದ್ದಿಲ್ಲದೆ ಸಮುದ್ರ ಸೇರುತ್ತಾಳೆ. ಸಿಹಿನೀರು, ಉಪ್ಪುನೀರು ಕೂಡುವ ಅಂಚಿನಲ್ಲಿ ಕಾಂಡ್ಲಾ ಕಾಡು. ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುವ ಗಿಡಗಳಿವು. ಈ ಬೇರುಗಳ ನಡುವೆ ಮೀನು, ಸಿಗಡಿ ಮರಿ ಮಾಡುತ್ತವೆ, ದಂಡೆಯ ಮಣ್ಣು ಕೊಚ್ಚಿ ಹೋಗದೆ ನಿಲ್ಲುತ್ತದೆ. ಅದರೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ, ವಯಸ್ಸಾದವರೂ ನಿಧಾನ ನಡೆಯಬಹುದು. ಹಿನ್ನೀರಿನಲ್ಲಿ ಬೋಟ್ ಸವಾರಿಯೂ ಉಂಟು. ಅಲೆ ಇಲ್ಲದ ನೀರು, ಎರಡೂ ಕಡೆ ದಂಡೆ ಕಾಣುತ್ತದೆ. ಅವ್ವ ಬೋಟ್ ಹತ್ತುವುದಾದರೆ ಮೊದಲು ಇಲ್ಲಿ ಹತ್ತಲಿ. ಹತ್ತದಿದ್ದರೆ ಹಲಗೆ ದಾರಿಯಲ್ಲಿ ಮೊಮ್ಮಗನ ಜೊತೆ ಏಡಿ ಎಣಿಸಲಿ.

ಹೊನ್ನಾವರ ಯಕ್ಷಗಾನದ ಸೀಮೆಯೂ ಹೌದು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ನಾಲ್ಕು ತಲೆಮಾರು ದಾಟಿ ನಡೆದಿದೆ. ಮಳೆಗಾಲ ಕಳೆದು ಮುಂದಿನ ಮಳೆಗಾಲ ಬರುವ ತನಕ ಕರಾವಳಿಯಲ್ಲಿ ಎಲ್ಲೋ ಒಂದು ಕಡೆ ದಿನವೂ ಆಟ ಇರುತ್ತದೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಗದ್ದೆಯ ಬಯಲಲ್ಲಿ ಯಾರು ಬೇಕಾದರೂ ಕೂತು ನೋಡಬಹುದು. ಎಲ್ಲಿ ಆಟ ಎಂದು ಇಡಗುಂಜಿಯ ಹಣ್ಣುಕಾಯಿ ಅಂಗಡಿಯಲ್ಲಿ ಕೇಳುವುದು ಎಂದುಕೊಂಡಿದ್ದೇವೆ. ನಮ್ಮ ಕಡೆ ದೊಡ್ಡಾಟ ಕಲಿಸುವ ಮಾಸ್ತರರು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ, ಆಟ ಆಡಿಸುವ ಊರೂ ಕಡಿಮೆ. ಅಲ್ಲಿ ಇನ್ನೂ ಹರಕೆ ಹೊತ್ತು ಆಟ ಆಡಿಸುತ್ತಾರೆ. ನನ್ನ ಹೆಂಡತಿಯ ಅಜ್ಜ ದೊಡ್ಡಾಟದಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದರು. ಅವಳ ಆಸೆಯ ಹಿಂದೆ ಆ ನೆನಪಿದೆ.

ಮೂರನೆಯ ದಿನ ಮುರ್ಡೇಶ್ವರ. 123 ಅಡಿಯ ಶಿವ, ಲಿಫ್ಟ್ ಇರುವ ಎತ್ತರದ ರಾಜಗೋಪುರ, ಎರಡೂ ಮಕ್ಕಳಿಗೆ ಇಷ್ಟವಾಗುತ್ತವೆ. ದಡದಿಂದ ಸುಮಾರು 19 ಕಿಲೊಮೀಟರ್ ಒಳಗೆ ನೇತ್ರಾಣಿ ದ್ವೀಪವಿದೆ. ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡು, ನೀರಿನ ತಳದಲ್ಲಿ ಹವಳ, ಬಣ್ಣದ ಮೀನು ಇವೆ. ಅಲ್ಲಿ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಹೋಗುತ್ತಾರೆ. ನಮ್ಮ ಪಟ್ಟಿಯಿಂದ ಅದನ್ನು ತೆಗೆದಿದ್ದೇವೆ. ದೂರ ಹೆಚ್ಚು, ದುಡ್ಡು ಹೆಚ್ಚು, ಮಗ ಚಿಕ್ಕವನು. ಟ್ರೇನ್ ಮಾತ್ರ ಬಿಟ್ಟಿಲ್ಲ. ಹೊನ್ನಾವರದಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಶರಾವತಿ ಸೇತುವೆ 2 ಕಿಲೊಮೀಟರ್‌ಗಿಂತ ಉದ್ದ, ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಅದಕ್ಕಾಗಿ ಮುರ್ಡೇಶ್ವರಕ್ಕೆ ಬಸ್ ಬಿಟ್ಟು ಹೊನ್ನಾವರದಿಂದಲೇ ಟ್ರೇನ್ ಹತ್ತುತ್ತೇವೆ. ಸಂಜೆ ಮತ್ತೆ ಟ್ರೇನ್ ಹಿಡಿದು ಉಡುಪಿ.

ನಾಲ್ಕನೆಯ ದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಡಿಪ್ಲೊಮಾ ಓದುವಾಗ ಒಮ್ಮೆ ಗೆಳೆಯರ ಜೊತೆ ಹೋಗಿದ್ದೆ. ಅರ್ಧ ಗಂಟೆಯ ದಾರಿ. ಬೋಟ್ ಇಳಿದರೆ ಕಾಲಡಿಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಕಣ್ಣೆದುರು ಸಾಲುಸಾಲು ಕಲ್ಲಿನ ಕಂಬಗಳು. ಆರು ಮೂಲೆ, ಐದು ಮೂಲೆ, ಯಾರೋ ಕೆತ್ತಿ ಒಟ್ಟಿದ ಹಾಗೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಒಣಗಿ ಬಿರುಕು ಬಿಡುತ್ತದಲ್ಲ, ಬಿರುಕುಗಳು ಕೂಡಿ ಆರು ಮೂಲೆಯ ಹೆಂಟೆ ಆಗುತ್ತದಲ್ಲ, ಹಾಗೆಯೇ ಇದು. ಹೊಲ ಒಣಗಿ ಬಿರಿಯುತ್ತದೆ, ಇಲ್ಲಿ ಕುದಿಯುವ ಲಾವಾ ತಣ್ಣಗಾಗುತ್ತ ಬಿರಿದಿದೆ. ಅದಾಗಿ ಸುಮಾರು 8.8 ಕೋಟಿ ವರ್ಷ. ಈಗ ಆಫ್ರಿಕಾ ಪಕ್ಕದಲ್ಲಿರುವ ಮಡಗಾಸ್ಕರ್ ಆಗ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು, ಅದು ಬೇರೆಯಾಗುವ ಕಾಲದ ಕಲ್ಲು ಇದು ಎನ್ನುತ್ತಾರೆ ಭೂವಿಜ್ಞಾನಿಗಳು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಕಲ್ಲು ಕೀಳುವಂತಿಲ್ಲ. ರಾತ್ರಿ ಉಳಿಯುವಂತಿಲ್ಲ. ಬಂಡೆಗಳ ಮೇಲೆ ಪಾಚಿ, ಅವುಗಳ ಸಂದಿಯಲ್ಲಿ ನೀರಿನ ಎಳೆತ ಜೋರು. ಅಲ್ಲಿ ಈಜುವುದು, ಬಂಡೆ ತುದಿಗೆ ನಿಂತು ಸೆಲ್ಫಿ ತೆಗೆಯುವುದು ಜೀವಕ್ಕೇ ಕುತ್ತು.

ಬೋಟಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಕೂತು ಕೆಲವು ಕಟ್ಟು ಮಾಡಿಕೊಂಡಿದ್ದೇವೆ. ಟಿಕೆಟ್ ಕೊಟ್ಟು ಕಳಿಸುವ ಅಧಿಕೃತ ಬೋಟ್ ಬಿಟ್ಟು ಬೇರೆಯದನ್ನು ಹತ್ತುವುದಿಲ್ಲ. ಎಷ್ಟು ಜನರ ಬೋಟ್ ಎಂದು ಕೇಳುವುದು, ಹತ್ತಿದವರನ್ನು ಎಣಿಸುವುದು. ಎಣಿಸುವ ಕೆಲಸ ಮಗಳದು. ಲೈಫ್ ಜಾಕೆಟ್ ಕೊಡದಿದ್ದರೆ ಇಳಿದುಬಿಡುವುದು, ಟಿಕೆಟ್ ದುಡ್ಡು ಹೋದರೆ ಹೋಗಲಿ. ಬಕಲ್ ಹಾಕಿದ ಮೇಲೆ ದಡ ಮುಟ್ಟುವ ತನಕ ಬಿಚ್ಚುವುದಿಲ್ಲ. ಎಲ್ಲರೂ ಒಂದೇ ಬದಿಗೆ ಎದ್ದು ಫೋಟೊ ತೆಗೆಯಲು ಹೋದರೆ ನಾವು ಕೂತೇ ಇರುವುದು. ಕಡೆಯ ಬೋಟಿಗೆ ಕಾಯದೆ ಮೊದಲೇ ಮರಳುವುದು. ದಂಡೆಯಲ್ಲಿ ಆಡುವಾಗ ನೀರು ಮೊಣಕಾಲು ದಾಟಬಾರದು, ಲೈಫ್‌ಗಾರ್ಡ್ ಸೀಟಿ ಊದಿದರೆ ಎರಡನೇ ಮಾತಿಲ್ಲ. ಎಳೆತಕ್ಕೆ ಸಿಕ್ಕವರು ದಡದ ಕಡೆ ಎದುರೀಜಿ ದಣಿಯಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು ಆಮೇಲೆ ಒಳಗೆ ಬರಬೇಕು. ಇದನ್ನು ಮಗಳಿಗೆ ಅಂಗಳದಲ್ಲಿ ಗೆರೆ ಎಳೆದು ತೋರಿಸಿದ್ದೇನೆ.

ಅದೇ ಸಂಜೆ ಉಡುಪಿ ಕೃಷ್ಣ ಮಠ. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಉಳಿಸಿದರು, ಆ ಹಡಗಿನ ಗೋಪಿಚಂದನದ ಗಡ್ಡೆಯಲ್ಲಿ ಕೃಷ್ಣ ಸಿಕ್ಕ ಎಂಬುದು ಇಲ್ಲಿಯ ನಂಬಿಕೆ. ನಮಗೆ ಇದರಲ್ಲಿ ಇನ್ನೊಂದು ನಂಟಿದೆ. ಪಶ್ಚಿಮಕ್ಕೆ ಮುಖ ಮಾಡಿದ ಆ ಕೃಷ್ಣನ ಎದುರಿನ ಕಿಂಡಿಗೆ ಹೆಸರು ಬಂದದ್ದು ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರಿಂದ. ಒಳಗೆ ಬಿಡದ ಕನಕನಿಗಾಗಿ ದೇವರೇ ತಿರುಗಿ ನಿಂತ ಎಂದು ನಮ್ಮೂರ ಭಜನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಅವ್ವ ಕಾಗಿನೆಲೆಗೆ ನಡೆದು ಹೋದವಳು. ಉಡುಪಿಯ ಕಿಂಡಿ ನೋಡದೆ ಸಾಯಬಾರದು ಎಂದು ಅವಳ ಮನಸ್ಸಲ್ಲಿದೆ.

ಐದನೆಯ ದಿನ ಹುಬ್ಬಳ್ಳಿ ಕಡೆಯ ಬಸ್ ಹಿಡಿದು ವಾಪಸ್. ಆ ಐದು ದಿನದ ಸುದ್ದಿಯನ್ನು ಪಕ್ಕದ ತಾಲ್ಲೂಕಿನ ಗೆಳೆಯ ನೋಡಿಕೊಳ್ಳುತ್ತಾನೆ. ಅವನ ತಂಗಿಯ ಮದುವೆಯಲ್ಲಿ ನಾನು ನೋಡಿಕೊಂಡಿದ್ದೆ.

ಅವ್ವನನ್ನು ಒಪ್ಪಿಸಲು ಯಾರೂ ಕೂತು ಮಾತಾಡಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳು ಮಲ್ಪೆಯ ವಡಭಾಂಡೇಶ್ವರ ಗುಡಿಯಲ್ಲಿ ಕೂತಿರಬಹುದು, ನನ್ನ ಹೆಂಡತಿ ಜೊತೆಗಿರುತ್ತಾಳೆ, ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದ್ದೆ. ಮೊನ್ನೆ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಕೇಳಿದಳು: "ಆ ಜಾಕೀಟು ಮುದುಕ್ಯಾರ ಸೈಜಿಂದೂ ಇರ್ತಾವೇನು?"

"ಇರ್ತಾವ ಅವ್ವ. ಸೀರಿ ಮ್ಯಾಲೂ ಹಾಕ್ಕೋಬಹುದು."

"ಹಂಗಾರ ಹೊನ್ನಾವರದಾಗ ನೋಡೂಣಂತ. ಅಲ್ಲಿ ತನಕ ಏನೂ ಹೇಳಂಗಿಲ್ಲ."

ಷರತ್ತು ಇಷ್ಟೇ: ಶರಾವತಿಯ ದಂಡೆಯಲ್ಲಿ ಅವಳು ಬೇಡ ಎಂದರೆ ಯಾರೂ ಮತ್ತೊಮ್ಮೆ ಕೇಳಬಾರದು. ನಾವೆಲ್ಲ ಒಪ್ಪಿದ್ದೇವೆ, ಮಗಳೂ ಕೂಡ. ಹೋಗಿ ಬಂದ ಮೇಲೆ ಬಸ್ಸಿನ ವೇಳೆ, ರೂಮಿನ ಬಾಡಿಗೆ, ಬೋಟಿನ ದರ ಎಲ್ಲದರ ಲೆಕ್ಕ ಇಲ್ಲೇ ಬರೆಯುತ್ತೇನೆ. ಕರಾವಳಿ ಕಡೆಯ ಓದುಗರು ಸಂಕ್ರಾಂತಿ ಆದಮೇಲಿನ ವಾರದಲ್ಲಿ ಹೊನ್ನಾವರ ಸುತ್ತ ಎಲ್ಲಿ ಹರಕೆ ಆಟ ಇದೆ ಎಂದು ತಿಳಿಸಿದರೆ ಉಪಕಾರ.