ತಂದೆಯ ಬೆನ್ನ ಹಿಂದೆ



ವಿರಕ್ತಿಯೆಂದರೆ ಬಂಧುಬಳಗವನ್ನು ತೊರೆದುಬಿಡುವುದೆಂದು ಹಲವರು ತಿಳಿದಿರುವಿರಿ. ನಮಗೆ ಅದರ ಬೇರೊಂದು ಅರ್ಥ ತೋರಿದುದು ಮೋಟಾರ್ ಸೈಕಲ್ಲಿನ ಹಿಂದಿನ ಆಸನದಲ್ಲಿ.

1988ರ ಬೇಸಿಗೆ. ಮರಿದೇವರಾಗಿ ಮಠವನ್ನು ಸೇರುವ ಮುನ್ನ ಹಿರಿಯರ ಆಶೀರ್ವಾದ ಪಡೆಯಬೇಕೆಂದು ಪೂರ್ವಾಶ್ರಮದ ತಂದೆಯವರು ನಮ್ಮನ್ನು ಹುಬ್ಬಳ್ಳಿಯಿಂದ ಬಿಜಾಪುರಕ್ಕೆ, 2014ರಿಂದ ವಿಜಯಪುರವೆನಿಸಿದ ಊರಿಗೆ, ತಮ್ಮ ಅಕ್ಕನ ಮನೆಗೆ ಕರೆದೊಯ್ದರು. ವಾಹನ ಮೈಸೂರಿನಲ್ಲಿ ತಯಾರಾದ ಯೆಜ್ಡಿ. ದಾರಿ ಸುಮಾರು 200 ಕಿಲೋಮೀಟರು. ನವಲಗುಂದ, ನರಗುಂದಗಳ ಎರೆಹೊಲಗಳು ಬಿಸಿಲಿಗೆ ಬಿರಿದಿದ್ದವು. ಯಂತ್ರದ ಸದ್ದಿನಲ್ಲಿ ಮಾತಿಗೆ ಎಡೆಯಿರಲಿಲ್ಲ. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಎದುರಾದಾಗಲೆಲ್ಲ ತಂದೆಯವರು ಗಾಡಿ ನಿಲ್ಲಿಸಿ ಕೈಮುಗಿದರು. ನಮ್ಮ ಕಡೆ ಮಾತ್ರ ತಿರುಗಲಿಲ್ಲ. ಅವರ ಬೆನ್ನು ಬೆವರಿನಿಂದ ತೊಯ್ದಿತ್ತು.

ಸೋದರತ್ತೆ ಕಣ್ಣೀರಿಡುತ್ತ, “ಇದ್ದೊಬ್ಬ ಮಗನ್ನ ಮಠಕ್ಕ ಕೊಟ್ರ ನಿನಗ ಯಾರೋ ತಮ್ಮಾ?” ಎಂದರು.

“ಊರೆಲ್ಲಾ ಅವನ ಮನಿ ಆತಂದ್ರ, ನಮ್ಮ ಮನಿನೂ ಅದರಾಗ ಬಂತಲ್ಲಕ್ಕಾ” ಎಂದ ತಂದೆಯವರ ದನಿ ನಡುಗಿತು.

ಮಲಪ್ರಭೆಯು ಕೂಡಲಸಂಗಮದಲ್ಲಿ, ಘಟಪ್ರಭೆಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತವೆ. ನೀರು ಅಳಿಯದು, ಹರವು ಹಿಗ್ಗುವುದು. ವಾತ್ಸಲ್ಯವೂ ಅಂತೆಯೇ.

ಕಾವಿಯುಟ್ಟವನ ತ್ಯಾಗವನ್ನು ಲೋಕ ಕೊಂಡಾಡುತ್ತದೆ. ಆದರೆ ನಾವು ಬಿಟ್ಟುದು ಒಂದು ಮನೆಯನ್ನು. ಅದಕ್ಕೆ ಪ್ರತಿಯಾಗಿ ನಮಗೆ ಸಾವಿರ ಮನೆಗಳು ದೊರೆತವು. ತಂದೆಯವರಿಗೆ ಉಳಿದುದು ಬರಿದಾದ ಹಿಂದಿನ ಆಸನ. ಆದುದರಿಂದ ಸದ್ಭಕ್ತರೇ, ಮಠದ ಮರಿಗಳಿಗೆ ಶರಣೆನ್ನುವಾಗ, ಅವರನ್ನು ಸಮಾಜಕ್ಕೆ ಒಪ್ಪಿಸಿ ಒಂಟಿಯಾಗಿ ಮರಳಿದ ತಂದೆತಾಯಿಗಳಿಗೂ ಶರಣೆನ್ನಿರಿ.